ಹೆರಿಗೆ ಕೋಣೆಯ ಸಿಸ್ಟರ್ ಪಗಾರ: ಕಲಬುರಗಿ, ಬೀದರ್, ಯಾದಗಿರಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತಾರು ವರ್ಷ ಹೆರಿಗೆ ಕೋಣೆಯಲ್ಲಿ ದುಡಿದಿದ್ದೇನೆ. ಮೊದಲ ಮೂರು ವರ್ಷ ಖಾಸಗಿ ನರ್ಸಿಂಗ್ ಹೋಮ್‌ಗಳಲ್ಲಿ, ಉಳಿದದ್ದು ಸರಕಾರಿ ದವಾಖಾನೆಗಳಲ್ಲಿ. ಸೇಡಂ, ಹುಮನಾಬಾದ್, ಶಹಾಪುರ ಹೀಗೆ ಮೂರೂ ಜಿಲ್ಲೆಗಳ ನೀರು ಕುಡಿದಿದ್ದೇನೆ. ನರ್ಸಿಂಗ್ ಓದುವ ಹುಡುಗಿಯರು, ಮಗಳನ್ನು ಈ ಓದಿಗೆ ಹಾಕಬೇಕೋ ಬೇಡವೋ ಎಂದು ಯೋಚಿಸುವ ತಂದೆತಾಯಿ, ಹತ್ತು ವರ್ಷ ದುಡಿದೂ ಖಾಯಂ ಆಗದ ಸಿಸ್ಟರ್‌ಗಳು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ತುಟ್ಟಿಭತ್ಯೆಯ ಅಂಕಿಗಳು 2025ರ ಜುಲೈನಿಂದ ಅನ್ವಯವಾದವು. ತುಟ್ಟಿಭತ್ಯೆ ವರ್ಷಕ್ಕೆ ಎರಡು ಬಾರಿ ಬದಲಾಗುತ್ತದೆ. ಆದ್ದರಿಂದ ಅಂಕಿಗಿಂತ ಲೆಕ್ಕ ಹಾಕುವ ದಾರಿಯನ್ನು ನೆನಪಿಟ್ಟುಕೊಳ್ಳಿ.

### ಮೊದಲು ತಿಳಿಯಬೇಕಾದದ್ದು

ಹೆರಿಗೆ ಕೋಣೆಯ ಸಿಸ್ಟರ್‌ಗೆ ಬೇರೆ ಪಗಾರ ಇದೆಯೇ? ವಾರ್ಡಿನವರಿಗಿಂತ ಜಾಸ್ತಿ ಎಂದು ಕೇಳಿದ್ದೇನೆ.

ಇಲ್ಲ. ಕರ್ನಾಟಕದಲ್ಲಿ ಹೆರಿಗೆ ಕೋಣೆಗೆಂದು ಪ್ರತ್ಯೇಕ ವೇತನ ಶ್ರೇಣಿ ಇಲ್ಲ. ಸರಕಾರಿ ಸೇವೆಯಲ್ಲಿ ಎಲ್ಲರೂ ಶುಶ್ರೂಷಾಧಿಕಾರಿಗಳೇ. ಇಂದು ಹೆರಿಗೆ ಕೋಣೆ, ಆರು ತಿಂಗಳ ನಂತರ ಮಕ್ಕಳ ವಾರ್ಡು, ಮತ್ತೆ ಶಸ್ತ್ರಚಿಕಿತ್ಸೆಯ ಕೋಣೆ ಎಂದು ಹಾಕುತ್ತಾರೆ. ಪಗಾರ ಅದೇ ಇರುತ್ತದೆ. ಎರಡು ಜೀವಗಳ ಹೊಣೆ ಹೊತ್ತು ನಿಲ್ಲುವ ಕೆಲಸಕ್ಕೆ ಬೇರೆ ಭತ್ಯೆ ಇರಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಡೆದ ಮೇಲೆ ರಕ್ತ ನಿಲ್ಲದ ತಾಯಿಯ ಪಕ್ಕದಲ್ಲಿ ಒಂದು ರಾತ್ರಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ಖಾಸಗಿ ದವಾಖಾನೆಗಳು ಮಾತ್ರ ಹೆರಿಗೆ ಮಾಡಿಸಿ ಪಳಗಿದ ಕೈ ಎಂದು ಸಾವಿರ, ಎರಡು ಸಾವಿರ ಹೆಚ್ಚು ಕೊಟ್ಟು ಕರೆಯುತ್ತವೆ.

ನಮ್ಮ ದವಾಖಾನೆಯಲ್ಲಿ ಒಂದೇ ಪಾಳಿಯಲ್ಲಿ ನಿಲ್ಲುವ ಇಬ್ಬರಲ್ಲಿ ಒಬ್ಬರಿಗೆ ಅರವತ್ತು ಸಾವಿರ, ನನಗೆ ಅದರ ಮೂರರಲ್ಲಿ ಒಂದು ಪಾಲೂ ಇಲ್ಲ. ಇದು ಹೇಗೆ?

ಈ ಪುಟದ ಅರ್ಧ ಪ್ರಶ್ನೆಗಳ ಬೇರು ಇದೇ. ಪಗಾರವನ್ನು ನೀವು ಮಾಡುವ ಕೆಲಸ ತೀರ್ಮಾನಿಸುವುದಿಲ್ಲ, ನಿಮ್ಮ ನೇಮಕಾತಿ ಆದೇಶಕ್ಕೆ ಸಹಿ ಹಾಕಿದವರು ಯಾರು ಎಂಬುದು ತೀರ್ಮಾನಿಸುತ್ತದೆ. ಖಾಯಂ ನೌಕರಳಾದರೆ ರಾಜ್ಯದ ವೇತನ ಶ್ರೇಣಿ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ವರ್ಷಕ್ಕೊಂದು ವೇತನ ಬಡ್ತಿ ಎಲ್ಲವೂ ಸಿಗುತ್ತವೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್.ಎಚ್.ಎಂ.) ಗುತ್ತಿಗೆಯವಳಾದರೆ ತಿಂಗಳಿಗೆ ಒಂದು ಇಡಿಗಂಟು. ಅದರ ಮೇಲೆ ತುಟ್ಟಿಭತ್ಯೆ ಏರುವುದಿಲ್ಲ. ಹೊರಗುತ್ತಿಗೆಯವಳಾದರೆ ಹಣ ಏಜೆನ್ಸಿಯ ಕೈಯಿಂದ ಬರುತ್ತದೆ, ಅವರು ಕಳೆದು ಉಳಿದದ್ದು ನಿಮ್ಮದು. ನಮ್ಮ ಊರುಗಳ ದೊಡ್ಡ ದವಾಖಾನೆಗಳಲ್ಲಿ ಈ ಮೂರೂ ಬಗೆಯವರು ಒಂದೇ ಹೆರಿಗೆ ಮೇಜಿನ ಸುತ್ತ ನಿಂತಿರುತ್ತಾರೆ. ಹೊಕ್ಕುಳಬಳ್ಳಿ ಕತ್ತರಿಸುವ ಕೈ ಯಾವ ಬಗೆಯ ನೌಕರಳದ್ದು ಎಂದು ಕೂಸಿಗೆ ಗೊತ್ತಾಗುವುದಿಲ್ಲ.

ಹೀಗಾಗಿ ಯಾರಾದರೂ ‘ಸಿಸ್ಟರ್ ಕೆಲಸ ಸಿಕ್ಕಿತು’ ಎಂದು ಹೇಳಿದರೆ ನಾನು ಮೊದಲು ಪಗಾರ ಕೇಳುವುದಿಲ್ಲ, ಆದೇಶದ ಪ್ರತಿ ತೋರಿಸು ಎನ್ನುತ್ತೇನೆ.

ಎ.ಎನ್.ಎಂ., ಜಿ.ಎನ್.ಎಂ., ಬಿ.ಎಸ್ಸಿ. ನರ್ಸಿಂಗ್: ಮಗಳನ್ನು ಯಾವುದಕ್ಕೆ ಸೇರಿಸಲಿ?

ಎ.ಎನ್.ಎಂ. ಎರಡು ವರ್ಷದ ಓದು. ಅದರಿಂದ ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರದ ಹುದ್ದೆಗಳು ಸಿಗುತ್ತವೆ. ಆ ಹುದ್ದೆಗೆ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾ ಅಧಿಕಾರಿ ಎಂಬ ಹೆಸರಿದೆ. ಜಿ.ಎನ್.ಎಂ. ಮೂರು ವರ್ಷ, ಬಿ.ಎಸ್ಸಿ. ನಾಲ್ಕು ವರ್ಷ. ಈ ಎರಡೂ ಶುಶ್ರೂಷಾಧಿಕಾರಿ ಹುದ್ದೆಗೆ ದಾರಿ, ಆರಂಭದ ಸರಕಾರಿ ಪಗಾರವೂ ಒಂದೇ. ವ್ಯತ್ಯಾಸ ಮುಂದೆ ಕಾಣುತ್ತದೆ. ಬೋಧನೆ, ಎಂ.ಎಸ್ಸಿ. ಎಂದರೆ ಬಿ.ಎಸ್ಸಿ. ಬೇಕು, ಹೊರದೇಶಕ್ಕೂ ಅದೇ ಅನುಕೂಲ. ಮನೆಯಲ್ಲಿ ತಾಳಿಕೊಳ್ಳುವ ಶಕ್ತಿ ಇದ್ದರೆ ಬಿ.ಎಸ್ಸಿ.ಗೇ ಹಾಕಿ. ಯಾವುದನ್ನೇ ಓದಿದರೂ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಆಗದೆ ಕೆಲಸಕ್ಕೆ ನಿಲ್ಲುವಂತಿಲ್ಲ. ಕಾಲೇಜಿಗೆ ಹಣ ಕಟ್ಟುವ ಮೊದಲು ಆ ಕಾಲೇಜಿಗೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೋಡಿ. ಇದನ್ನು ನೋಡದೆ ಮೂರು ವರ್ಷ ಕಳೆದುಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ.

### ಸರಕಾರಿ ಪಗಾರ

ಖಾಯಂ ಶುಶ್ರೂಷಾಧಿಕಾರಿಯ ಪಗಾರದ ಲೆಕ್ಕ ಬಿಡಿಸಿ ಹೇಳಿ.

ಹೇಳುತ್ತೇನೆ, ಪೆನ್ನು ಹಿಡಿದುಕೊಳ್ಳಿ. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಹಳೆಯ ಮೂಲ ವೇತನಕ್ಕೆ ಶೇ 31ರಷ್ಟು ತುಟ್ಟಿಭತ್ಯೆಯನ್ನು ಸೇರಿಸಿ, ಅದರ ಜೊತೆಗೆ ಮೂಲ ವೇತನದ ಶೇ 27.5ರಷ್ಟನ್ನು ಹೆಚ್ಚಿಸಿದರು. ರಾಜ್ಯದಲ್ಲಿ ಅತಿ ಕಡಿಮೆ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿದ್ದು ಹೀಗೆ.

ನೇಮಕಾತಿಯ ಹಳೆಯ ಅಧಿಸೂಚನೆಗಳಲ್ಲಿ 33,450–62,600 ಎಂಬ ಶ್ರೇಣಿಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 33,450ಕ್ಕೆ ಶೇ 31 ಎಂದರೆ ಸುಮಾರು 10,370, ಶೇ 27.5 ಎಂದರೆ ಸುಮಾರು 9,200. ಎಲ್ಲ ಕೂಡಿದರೆ 53 ಸಾವಿರದ ಆಸುಪಾಸು. ಇದು ಹೊಸ ಮೂಲ ವೇತನದ ನೆಲೆ. ಇದರ ಮೇಲೆ ತುಟ್ಟಿಭತ್ಯೆ ಶೇ 14.25, ಅಂದರೆ 7,550. ಕಲಬುರಗಿ ನಗರದಲ್ಲಿದ್ದರೆ ಮನೆ ಬಾಡಿಗೆ ಭತ್ಯೆ ಶೇ 15, ಅಂದರೆ 7,950. ಒಟ್ಟು 68,500 ರೂಪಾಯಿ.

ನಿಮ್ಮ ಅಧಿಸೂಚನೆಯಲ್ಲಿ ಬೇರೆ ಶ್ರೇಣಿ ಇದ್ದರೆ ಆ ಶ್ರೇಣಿಯ ಮೊದಲ ಅಂಕಿಯನ್ನು ಹಿಡಿದು ಇದೇ ಲೆಕ್ಕ ಹಾಕಿ. ಹೊಸ ಶ್ರೇಣಿಯನ್ನೇ ಮುದ್ರಿಸಿದ್ದರೆ ಶೇ 31, ಶೇ 27.5ರ ಹೆಜ್ಜೆಯನ್ನು ಬಿಟ್ಟು ಮುಂದಿನದನ್ನು ಮಾತ್ರ ಮಾಡಿ.

ಅದರಲ್ಲಿ ಕೈಗೆ ಎಷ್ಟು ಬರುತ್ತದೆ?

2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹೊಸ ಪಿಂಚಣಿ ಯೋಜನೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿದ ಮೊತ್ತದ ಶೇ 10, ಅಂದರೆ ಮೇಲಿನ ಉದಾಹರಣೆಯಲ್ಲಿ 6,055 ರೂಪಾಯಿ ಅದಕ್ಕೆ ಹೋಗುತ್ತದೆ. ವೃತ್ತಿ ತೆರಿಗೆ 200. ಕೆ.ಜಿ.ಐ.ಡಿ., ಅಂದರೆ ರಾಜ್ಯ ಸರಕಾರಿ ನೌಕರರ ವಿಮೆಯ ಕಂತು ಬೇರೆ. ಎಲ್ಲ ಕಳೆದರೆ 58ರಿಂದ 60 ಸಾವಿರ ಕೈಗೆ ಬರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಇಷ್ಟು ಆದಾಯಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ.

ಯಾದಗಿರಿಗೆ ಹಾಕಿದರೆ ಪಗಾರ ಕಡಿಮೆಯಾಗುತ್ತದೆಯೇ?

ಮೂಲ ವೇತನ ಕಡಿಮೆಯಾಗುವುದಿಲ್ಲ, ಬಾಡಿಗೆ ಭತ್ಯೆ ಕಡಿಮೆಯಾಗುತ್ತದೆ. ಊರಿನ ಜನಸಂಖ್ಯೆ ನೋಡಿ ಬಾಡಿಗೆ ಭತ್ಯೆ ಕೊಡುತ್ತಾರೆ. ಕಲಬುರಗಿ ಐದು ಲಕ್ಷ ದಾಟಿದ ನಗರವಾದ್ದರಿಂದ ಶೇ 15. ಯಾದಗಿರಿ, ಬೀದರ್, ತಾಲ್ಲೂಕು ಕೇಂದ್ರಗಳಿಗೆ ಶೇ 7.5. ಮೇಲಿನ ಲೆಕ್ಕದಲ್ಲಿ ತಿಂಗಳಿಗೆ 3,975 ರೂಪಾಯಿಯ ವ್ಯತ್ಯಾಸ. ಆದರೆ ಸುರಪುರದಲ್ಲಿ ಒಳ್ಳೆಯ ಮನೆಗೆ ಕೊಡುವ ಬಾಡಿಗೆಯಲ್ಲಿ ಕಲಬುರಗಿಯಲ್ಲಿ ಒಂದು ಕೋಣೆ ಹುಡುಕುವುದೂ ಕಷ್ಟ.

371ಜೆ ಪ್ರಮಾಣಪತ್ರ ಇದ್ದರೆ ಪಗಾರ ಹೆಚ್ಚುತ್ತದೆ ಎನ್ನುತ್ತಾರೆ. ನಿಜವೇ?

ಪಗಾರ ಹೆಚ್ಚುವುದಿಲ್ಲ, ಕೆಲಸ ಸಿಗುವ ಬಾಗಿಲು ಅಗಲವಾಗುತ್ತದೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ 2013ರಲ್ಲಿ ಹೊರಟ ಆದೇಶದಂತೆ ಈ ಭಾಗದ ಕಚೇರಿ, ದವಾಖಾನೆಗಳ ‘ಸಿ’ ವೃಂದದ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಮೀಸಲು. ಜಿಮ್ಸ್, ಬ್ರಿಮ್ಸ್, ಯಿಮ್ಸ್‌ನಂಥ ಸರಕಾರಿ ವೈದ್ಯಕೀಯ ಸಂಸ್ಥೆಗಳು ನೇಮಕಾತಿ ಕರೆದಾಗ ಅರ್ಜಿಯ ಜೊತೆಗೆ ಈ ಪ್ರಮಾಣಪತ್ರ ಇಲ್ಲದೆ ನಮ್ಮ ಹುಡುಗಿಯರು ಹಿಂದೆ ಬೀಳುತ್ತಾರೆ. ಉಪವಿಭಾಗಾಧಿಕಾರಿಯವರು ಕೊಡುವ ಪತ್ರ ಇದು. ಅಧಿಸೂಚನೆ ಬಂದ ಮೇಲೆ ಓಡಾಡಬೇಡಿ, ಓದು ಮುಗಿಯುವ ಮೊದಲೇ ಮಾಡಿಸಿಟ್ಟುಕೊಳ್ಳಿ.

ಕಲಬುರಗಿಯ ಇ.ಎಸ್.ಐ. ದವಾಖಾನೆಯವರಿಗೆ ನಮಗಿಂತ ಬಹಳ ಜಾಸ್ತಿ ಬರುತ್ತದೆಯಂತೆ. ಅವರ ತುಟ್ಟಿಭತ್ಯೆ ಶೇ 58, ನಮ್ಮದು ಹದಿನಾಲ್ಕು ಮಾತ್ರ ಏಕೆ?

ಎರಡು ಪ್ರಶ್ನೆ ಇವೆ. ಮೊದಲನೆಯದಕ್ಕೆ ಉತ್ತರ ಹೌದು. ಅದು ಕಾರ್ಮಿಕರ ವಿಮೆ ನಡೆಸುವ ಕೇಂದ್ರದ ಸಂಸ್ಥೆ. ಅಲ್ಲಿನ ಖಾಯಂ ಶುಶ್ರೂಷಾಧಿಕಾರಿಗೆ ಏಳನೇ ಹಂತದ ವೇತನ, ಅಂದರೆ 44,900 ರೂಪಾಯಿಯಿಂದ ಆರಂಭ. ಅದಕ್ಕೆ ಶೇ 58 ತುಟ್ಟಿಭತ್ಯೆ 26,042, ಬಾಡಿಗೆ ಭತ್ಯೆ ಶೇ 20ರಂತೆ 8,980, ಶುಶ್ರೂಷಾ ಭತ್ಯೆ 9,000 ಕೂಡಿಸಿ. 88 ಸಾವಿರ ದಾಟುತ್ತದೆ.

ಎರಡನೆಯದು ತಪ್ಪು ತಿಳಿವಳಿಕೆ. ಕೇಂದ್ರದ ಮೂಲ ವೇತನ 2016ರದ್ದು, ಅಂದಿನಿಂದ ಬೆಲೆ ಏರಿದಷ್ಟೂ ತುಟ್ಟಿಭತ್ಯೆ ಬೆಳೆದಿದೆ. ರಾಜ್ಯದಲ್ಲಿ 2024ರಲ್ಲಿ ಹಳೆಯ ತುಟ್ಟಿಭತ್ಯೆಯನ್ನು ಮೂಲ ವೇತನದೊಳಗೆ ಕರಗಿಸಿ ಹೊಸದಾಗಿ ಎಣಿಕೆ ಶುರುಮಾಡಿದರು. ಹೀಗಾಗಿ ಶೇಕಡಾವಾರನ್ನು ಪಕ್ಕಪಕ್ಕದಲ್ಲಿಟ್ಟು ಹೊಟ್ಟೆ ಉರಿಸಿಕೊಳ್ಳಬೇಡಿ, ಒಟ್ಟು ಮೊತ್ತವನ್ನು ಹೋಲಿಸಿ. ನಿಜವಾಗಿ ನೋಯಿಸಬೇಕಾದ ವ್ಯತ್ಯಾಸ ಶುಶ್ರೂಷಾ ಭತ್ಯೆಯಲ್ಲಿದೆ. ಕೇಂದ್ರ ಅದನ್ನು ಗುರುತಿಸಿ ಗೌರವದ ಮೊತ್ತ ಕೊಡುತ್ತದೆ. 2024ರಲ್ಲಿ ಕೇಂದ್ರ ಲೋಕಸೇವಾ ಆಯೋಗ ದೇಶದ ಇ.ಎಸ್.ಐ. ದವಾಖಾನೆಗಳಿಗೆ 1,930 ಶುಶ್ರೂಷಾಧಿಕಾರಿ ಹುದ್ದೆಗಳನ್ನು ಕರೆದಿತ್ತು. ಅದಕ್ಕೆ ನಮ್ಮ ಭಾಗದವರು ಹೆಚ್ಚಿನ ಸಂಖ್ಯೆಯಲ್ಲಿ ಅರ್ಜಿ ಹಾಕಬೇಕು ಎಂಬುದು ನನ್ನ ಆಸೆ. ಇಂಗ್ಲಿಷಿಗೆ ಹೆದರಿ ಹಿಂದೆ ಸರಿಯಬೇಡಿ.

ಒಮ್ಮೆ ಸೇರಿದರೆ ಪಗಾರ ಹೇಗೆ ಬೆಳೆಯುತ್ತದೆ?

ವರ್ಷಕ್ಕೊಂದು ವೇತನ ಬಡ್ತಿ ಇದ್ದೇ ಇರುತ್ತದೆ. ಬಡ್ತಿ ಸಿಗದೆ ಅದೇ ಹುದ್ದೆಯಲ್ಲಿ ಉಳಿದವರಿಗೆ 10 ವರ್ಷಕ್ಕೆ ಕಾಲಮಿತಿ ಬಡ್ತಿ, 15 ವರ್ಷಕ್ಕೆ ಮತ್ತೊಂದು, ಆಮೇಲೆ 20, 25, 30 ವರ್ಷಗಳಿಗೆ ಹೆಚ್ಚುವರಿ ವೇತನ ಬಡ್ತಿ. ಕಡತ ತಾನಾಗಿಯೇ ನಡೆಯುತ್ತದೆ ಎಂದು ಕೂರಬೇಡಿ. ನನ್ನ ಹತ್ತು ವರ್ಷದ್ದು ಎರಡು ವರ್ಷ ತಡವಾಗಿ ಬಂತು, ಸೇವಾ ಪುಸ್ತಕದಲ್ಲಿ ಒಂದು ರಜೆಯ ನಮೂದು ಬಿಟ್ಟುಹೋಗಿತ್ತು.

### ಗುತ್ತಿಗೆ ಮತ್ತು ಖಾಸಗಿ

ಎನ್.ಎಚ್.ಎಂ.ನಲ್ಲಿ ಎಂಟು ವರ್ಷ ಆಯಿತು. ನಾವು ಖಾಯಂ ಆಗುತ್ತೇವೆಯೇ? ಸಮಾನ ಪಗಾರವಾದರೂ ಸಿಗುತ್ತದೆಯೇ?

ಇಷ್ಟು ವರ್ಷ ದುಡಿದಿದ್ದೇನೆ ಎಂಬ ಒಂದೇ ಕಾರಣಕ್ಕೆ ಖಾಯಂ ಆಗುವುದಿಲ್ಲ. ಸುಪ್ರೀಂ ಕೋರ್ಟು 2006ರಲ್ಲಿ ಉಮಾದೇವಿ ಪ್ರಕರಣದಲ್ಲಿ ಹಾಗೆಂದು ತೀರ್ಪು ಕೊಟ್ಟಿತು. ಅದು ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣ. ಪಗಾರದ ಮಾತು ಬೇರೆ. 2016ರ ಅಕ್ಟೋಬರ್‌ನಲ್ಲಿ ಜಗಜೀತ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಖಾಯಂ ನೌಕರರು ಮಾಡುವ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ಹುದ್ದೆಯ ಶ್ರೇಣಿಯ ಕನಿಷ್ಠ ವೇತನವಾದರೂ ಸಿಗಬೇಕು ಎಂದಿತು. ಪಂಜಾಬಿನ ತಾತ್ಕಾಲಿಕ ನೌಕರರಿಗೆ ಬಂದ ತೀರ್ಪು ಅದು. ಅಭಿಯಾನದ ಗುತ್ತಿಗೆಗೆ ಅದು ತಾನಾಗಿಯೇ ಅನ್ವಯವಾಗುವುದಿಲ್ಲ, ವಾದ ಮಾಡಿ ಗೆಲ್ಲಬೇಕು. ವಾದಕ್ಕೆ ಬೇಕಾದದ್ದು ದಾಖಲೆ. ಪಾಳಿ ಪಟ್ಟಿ, ಹೆರಿಗೆ ನೋಂದಣಿ ಪುಸ್ತಕದಲ್ಲಿನ ನಿಮ್ಮ ಸಹಿ, ವರ್ಷ ವರ್ಷದ ನವೀಕರಣ ಆದೇಶ ಎಲ್ಲದರ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಒಬ್ಬರೇ ಹೋಗಬೇಡಿ, ಸಂಘದ ಮೂಲಕ ಹೋಗಿ.

ವಯಸ್ಸಿನ ಮಿತಿ ಮೀರುವ ಮೊದಲು ಖಾಯಂ ನೇಮಕಾತಿಯ ಪ್ರತಿಯೊಂದು ಪರೀಕ್ಷೆಗೂ ಕೂರಿ. ಗುತ್ತಿಗೆಯ ಭರವಸೆಯಲ್ಲಿ ಓದು ಬಿಟ್ಟವರ ನೋವು ನನಗೆ ಗೊತ್ತು.

ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಎಷ್ಟು ಕೇಳಬಹುದು? ಹನ್ನೆರಡು ಸಾವಿರ ಕೊಡುತ್ತೇವೆ ಎನ್ನುತ್ತಾರೆ.

ಹನ್ನೆರಡು ಸಾವಿರಕ್ಕೆ ಒಪ್ಪಬೇಡಿ. ನಿಮ್ಮ ಕೈಯಲ್ಲಿ ಒಂದು ಬಲವಾದ ಮಾತು ಇದೆ, ಅದನ್ನು ಬಳಸಿ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಖಾಸಗಿ ದವಾಖಾನೆಗಳ ದಾದಿಯರ ಸ್ಥಿತಿ ನೋಡಿ, ಸಮಿತಿ ರಚಿಸಿ ಎಂದು ಕೇಂದ್ರಕ್ಕೆ ಹೇಳಿತು. ಆ ಸಮಿತಿ ಹಾಸಿಗೆಗಳ ಲೆಕ್ಕದಲ್ಲಿ ಪಗಾರ ಸೂಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ರಾಜ್ಯ ಸರಕಾರದ ದಾದಿಗೆ ಸಮನಾದ ಪಗಾರ. 100 ದಾಟಿದ್ದರೆ ಅದಕ್ಕಿಂತ ಶೇ 10ಕ್ಕೂ ಹೆಚ್ಚು ಕಡಿಮೆ ಇರಬಾರದು. 50ರಿಂದ 100 ಇದ್ದರೆ ಶೇ 25ಕ್ಕೂ ಹೆಚ್ಚು ಕಡಿಮೆ ಇರಬಾರದು. 50ರ ಒಳಗಿನ ಚಿಕ್ಕ ದವಾಖಾನೆಯಲ್ಲೂ 20,000ಕ್ಕಿಂತ ಇಳಿಯಬಾರದು. ಎಷ್ಟು ವರ್ಷದ ಹಿಂದಿನ 20,000 ಎಂಬುದನ್ನು ನೆನಪಿಡಿ.

ಇದು ರಾಜ್ಯಗಳು ಕಾನೂನು ಮಾಡಿ ಜಾರಿಗೆ ತರಲಿ ಎಂದು ಮಾಡಿದ ಶಿಫಾರಸು. ಇದನ್ನೇ ಹಿಡಿದು ಮಾಲೀಕರಿಂದ ನೇರವಾಗಿ ವಸೂಲು ಮಾಡಲಾಗದು. ಆದರೆ ಪಗಾರ ಮಾತಾಡುವಾಗ ಎದುರಿಗೆ ಕುಳಿತವರಿಗೆ ಇದನ್ನು ಹೇಳಿ ನೋಡಿ, ಧ್ವನಿ ಬದಲಾಗುತ್ತದೆ. ಕಾನೂನಿನಂತೆ ವಸೂಲು ಮಾಡಬಹುದಾದದ್ದು ಕನಿಷ್ಠ ವೇತನ. ಆಸ್ಪತ್ರೆ ಮತ್ತು ನರ್ಸಿಂಗ್ ಹೋಮ್‌ಗಳು ಕರ್ನಾಟಕದ ಕನಿಷ್ಠ ವೇತನದ ಪಟ್ಟಿಯಲ್ಲಿವೆ, ಅದರ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ರಂದು ಪರಿಷ್ಕರಣೆಯಾಗುತ್ತದೆ. ಆ ವರ್ಷದ ದರಪಟ್ಟಿಯನ್ನು ಜಿಲ್ಲಾ ಕಾರ್ಮಿಕ ಅಧಿಕಾರಿಯ ಕಚೇರಿಯಲ್ಲಿ ಕೇಳಿ ಪಡೆಯಿರಿ. ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ದುಪ್ಪಟ್ಟು ದರ ಎಂಬುದನ್ನೂ ಕೇಳಿ. ಹನ್ನೆರಡು ಗಂಟೆಯ ರಾತ್ರಿ ಪಾಳಿಯನ್ನು ವಾರಕ್ಕೆ ಆರು ದಿನ ಮಾಡಿಸುವ ಕಡೆ ಈ ಒಂದು ಲೆಕ್ಕವೇ ಪಗಾರದ ಚಿತ್ರವನ್ನು ಬದಲಿಸುತ್ತದೆ.

ಸೇರುವಾಗ ಒರಿಜಿನಲ್ ಅಂಕಪಟ್ಟಿ ಇಟ್ಟುಕೊಂಡಿದ್ದಾರೆ. ಬಿಟ್ಟರೆ ಮೂರು ತಿಂಗಳ ಪಗಾರ ಕಟ್ಟು ಎನ್ನುತ್ತಾರೆ. ಏನು ಮಾಡಲಿ ಅಕ್ಕ?

ನನಗೂ ಇದೇ ಆಗಿತ್ತು ತಂಗಿ. ನನ್ನ ಮೊದಲ ಕೆಲಸದಲ್ಲಿ ಹದಿನಾಲ್ಕು ತಿಂಗಳು ನನ್ನ ಜಿ.ಎನ್.ಎಂ. ಪ್ರಮಾಣಪತ್ರ ಮಾಲೀಕರ ಬೀರುವಿನಲ್ಲಿತ್ತು. ಅಷ್ಟರಲ್ಲಿ ಒಂದು ಸರಕಾರಿ ನೇಮಕಾತಿಯ ದಾಖಲೆ ಪರಿಶೀಲನೆ ಬಂದು ಹೋಯಿತು. ನನ್ನ ತಂದೆ ಅವರ ಮೇಜಿನ ಮುಂದೆ ಕೈಮುಗಿದು ನಿಂತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆ ವರ್ಷ ಹೋಯಿತು.

ನಿಮ್ಮ ಮೂಲ ದಾಖಲೆಗಳನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾವ ಮಾಲೀಕರಿಗೂ ಇಲ್ಲ. ಪರಿಶೀಲಿಸಿ ವಾಪಸು ಕೊಡಬೇಕು. ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪತ್ರ ಬರೆಯಿರಿ: ಇಂಥ ದಿನ ಇಂಥ ದಾಖಲೆ ಕೊಟ್ಟಿದ್ದೇನೆ, ಏಳು ದಿನದಲ್ಲಿ ಹಿಂದಿರುಗಿಸಿ. ಬಹುತೇಕ ಪ್ರಕರಣಗಳು ಆ ಪತ್ರದಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಅದೇ ಪತ್ರದ ಪ್ರತಿಯೊಂದಿಗೆ ಪೊಲೀಸ್ ಠಾಣೆಗೆ ದೂರು ಕೊಡಿ. ಇನ್ನೂ ಕೊಟ್ಟಿಲ್ಲದಿದ್ದರೆ ಕೊಡಲೇಬೇಡಿ, ದೃಢೀಕರಿಸಿದ ಪ್ರತಿ ಸಾಕು. ನೇಮಕಾತಿ ಪತ್ರವನ್ನೂ ಕೇಳಿ ಪಡೆಯಿರಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಅದು ಕಡ್ಡಾಯವಾಗಿದೆ.

ಪಿ.ಎಫ್. ಎಂದು ತಿಂಗಳು ತಿಂಗಳು ಹಿಡಿಯುತ್ತಾರೆ, ಮೊಬೈಲಿನಲ್ಲಿ ನೋಡಿದರೆ ಖಾತೆಯಲ್ಲಿ ಏನೂ ಇಲ್ಲ.

ನಿಮ್ಮಿಂದ ಹಿಡಿದ ಹಣವನ್ನು ಮಾಲೀಕರು ತಮ್ಮ ಪಾಲಿನ ಜೊತೆ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಇಬ್ಬರದ್ದೂ ಶೇ 12. ಕಟ್ಟಿಲ್ಲವೆಂದರೆ ಅದು ನಿಮ್ಮ ಹಣವನ್ನು ಕಬಳಿಸಿದಂತೆ. ಭವಿಷ್ಯ ನಿಧಿಯ ಪ್ರಾದೇಶಿಕ ಕಚೇರಿ ಕಲಬುರಗಿಯಲ್ಲೇ ಇದೆ, ಪಗಾರದ ಚೀಟಿ ಹಿಡಿದು ಹೋಗಿ. ಚೀಟಿ ಕೊಡದ ಕಡೆ ಬ್ಯಾಂಕ್ ಪಾಸ್‌ಬುಕ್ ಸಾಕ್ಷಿಯಾಗುತ್ತದೆ. ನಗದಿನಲ್ಲಿ ಪಗಾರ ತೆಗೆದುಕೊಳ್ಳಬೇಡಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ಊರವರ ಹೆರಿಗೆಯೆಲ್ಲ ಮಾಡಿಸುತ್ತೇನೆ. ನನಗೆ ಏಳು ತಿಂಗಳಾದಾಗ ‘ರಜೆ ಇಲ್ಲ, ಕೆಲಸ ಬಿಟ್ಟು ಹೋಗು’ ಎಂದರು.

ಈ ಪ್ರಶ್ನೆ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹಾಗೆ ಹೇಳಲು ಅವರಿಗೆ ಅಧಿಕಾರವಿಲ್ಲ. ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಪಗಾರಸಹಿತ ರಜೆ ನಿಮ್ಮ ಹಕ್ಕು. 2017ರ ತಿದ್ದುಪಡಿ ಅದನ್ನು 12 ವಾರದಿಂದ 26ಕ್ಕೆ ಏರಿಸಿತು. ಗುತ್ತಿಗೆಯವರಿಗೂ ಇದು ಸಲ್ಲುತ್ತದೆ. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ.

ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ನಿಮ್ಮ ಪಗಾರ 21,000 ರೂಪಾಯಿಯೊಳಗಿದ್ದು ಇ.ಎಸ್.ಐ. ಕಟ್ಟುತ್ತಿದ್ದರೆ ಈ 26 ವಾರಗಳ ಹಣವನ್ನು ಮಾಲೀಕರು ಕೊಡಬೇಕಾಗಿಯೇ ಇಲ್ಲ, ಇ.ಎಸ್.ಐ. ನಿಗಮ ಕೊಡುತ್ತದೆ. ನಿಮ್ಮಿಂದ ಹಿಡಿಯುವುದು ಶೇ 0.75 ಮಾತ್ರ. ಚಿಕ್ಕ ದವಾಖಾನೆಯ ಮಾಲೀಕರಿಗೆ ಇದನ್ನು ಸಮಾಧಾನದಿಂದ ವಿವರಿಸಿ, ರಜೆ ಪಡೆದವರು ಇದ್ದಾರೆ. ಖಾಯಂ ಸರಕಾರಿ ನೌಕರರಿಗಂತೂ 180 ದಿನಗಳ ಹೆರಿಗೆ ರಜೆಯ ಮೇಲೆ, 2021ರಿಂದ ಇಡೀ ಸೇವೆಯಲ್ಲಿ ಆರು ತಿಂಗಳ ಶಿಶುಪಾಲನಾ ರಜೆಯೂ ಇದೆ.

### ಕೇಳಲು ಹಿಂಜರಿಯುವ ಪ್ರಶ್ನೆಗಳು

ಕೂಸು ಹುಟ್ಟಿದ ಮೇಲೆ ಮನೆಯವರು ಖುಷಿಯಿಂದ ರೊಕ್ಕ ಕೊಡುತ್ತಾರೆ. ತೆಗೆದುಕೊಂಡರೆ ತಪ್ಪೇ?

ಸರಕಾರಿ ದವಾಖಾನೆಯಲ್ಲಿ ತಪ್ಪು, ಕಾನೂನಿನ ಪ್ರಕಾರ ಅಪರಾಧವೂ ಹೌದು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಹೆರಿಗೆಯನ್ನು ಪೂರ್ತಿ ಉಚಿತ ಮಾಡಿದೆ. ‘ಅವರಾಗಿಯೇ ಕೊಟ್ಟರು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೇನೆ ತಿನ್ನುತ್ತಿರುವ ಹೆಂಡತಿಯನ್ನು ಒಳಗೆ ಬಿಟ್ಟು ಬಾಗಿಲಲ್ಲಿ ನಿಂತವನು ಸ್ವಂತ ಇಚ್ಛೆಯಿಂದ ಕೊಡುತ್ತಾನೆಯೇ? ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ದರ ಕಟ್ಟುವುದನ್ನು ನೋಡಿದ್ದೇನೆ. ಹೆಣ್ಣು ಕೂಸಿಗೆ ಕಡಿಮೆ ರೊಕ್ಕ ಎಂದು ಹುಟ್ಟಿದ ಗಳಿಗೆಯಲ್ಲೇ ನಾವೇ ಹೇಳಿದಂತಾಗುತ್ತದೆ. ಪಗಾರ ಕಡಿಮೆ ಎಂಬ ನೋವು ನಿಜ, ಆದರೆ ಅದನ್ನು ಕೇಳಬೇಕಾದದ್ದು ಸರಕಾರವನ್ನು, ಗುಳೆ ಹೋಗಿ ದುಡಿದು ಬಂದವನ ಜೇಬನ್ನಲ್ಲ. ಸಿಹಿ ಹಂಚಿದರೆ ತಿನ್ನಿ. ಹಣ ಕೇಳಿದ ಬಗ್ಗೆ ದೂರು ಕೊಡಬೇಕಾದವರು ಲೋಕಾಯುಕ್ತ ಕಚೇರಿಗೆ ಹೋಗಬಹುದು.

ಲಕ್ಷ್ಯ ಯೋಜನೆಯಲ್ಲಿ ಹೆರಿಗೆ ಕೋಣೆಯವರಿಗೆ ಹಣ ಬರುತ್ತದೆಯಂತೆ?

ಕೇಂದ್ರ ಆರೋಗ್ಯ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ಆರಂಭಿಸಿದ ಯೋಜನೆ ಅದು. ಹೆರಿಗೆ ಕೋಣೆ ಮೌಲ್ಯಮಾಪನದಲ್ಲಿ ತೇರ್ಗಡೆಯಾದರೆ ದವಾಖಾನೆಗೆ ಪ್ರೋತ್ಸಾಹಧನ ಬರುತ್ತದೆ. ಅದು ಸಂಸ್ಥೆಯ ಖಾತೆಗೆ ಬರುವ ಹಣ, ಯಾರ ಪಗಾರಕ್ಕೂ ನೇರವಾಗಿ ಸೇರುವುದಿಲ್ಲ. ನಿಮ್ಮ ದವಾಖಾನೆಗೆ ಪ್ರಮಾಣಪತ್ರ ಬಂದಿದ್ದರೆ ಆ ಹಣ ಹೇಗೆ ಖರ್ಚಾಯಿತು ಎಂದು ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಕೇಳಿ. ಗೋಡೆ ತೊಳೆಸಿ, ದಾಖಲೆ ಬರೆದು, ರಾತ್ರಿಯೆಲ್ಲ ನಿದ್ದೆಗೆಟ್ಟು ಅಂಕ ತಂದವರು ಸಿಸ್ಟರ್‌ಗಳೇ.

ಹೈದರಾಬಾದಿಗೆ ಹೋಗಲೇ, ಗಲ್ಫಿಗೆ ಹೋಗಲೇ?

ಬೀದರ್‌ನಿಂದ ಹೈದರಾಬಾದು ಮೂರು ತಾಸಿನ ದಾರಿ, ಅಲ್ಲಿನ ದೊಡ್ಡ ಖಾಸಗಿ ದವಾಖಾನೆಗಳು ನಮ್ಮ ಕಡೆಯ ನರ್ಸಿಂಗ್ ಹೋಮ್‌ಗಳಿಗಿಂತ ಹೆಚ್ಚು ಕೊಡುತ್ತವೆ. ಹಾಸ್ಟೆಲ್, ಊಟದ ಖರ್ಚು ಕಳೆದು ಹೋಲಿಸಿ. ಪಗಾರಕ್ಕಿಂತ ದೊಡ್ಡ ಲಾಭ ಅಲ್ಲಿ ಕಲಿಯುವ ಕೆಲಸ. ಎರಡು ವರ್ಷದ ಅನುಭವ ಪತ್ರ ಇಲ್ಲದೆ ಗಲ್ಫಿನ ಬಾಗಿಲು ತೆರೆಯುವುದು ಕಷ್ಟ.

ಗಲ್ಫಿಗೆ ಹೋಗುವುದಾದರೆ ಏಜೆಂಟ್ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತನೇ ಎಂದು ಮೊದಲು ನೋಡಿ. ಅವನು ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಮೂರು ಲಕ್ಷ, ಐದು ಲಕ್ಷ ಕೇಳಿದರೆ ಎದ್ದು ಬನ್ನಿ. ಹೊಲ ಒತ್ತೆ ಇಟ್ಟು ಕೊಟ್ಟವರ ಮನೆಗೆ ನಾನು ಹೋಗಿ ಬಂದಿದ್ದೇನೆ. ರಾಜ್ಯ ಸರಕಾರವೇ ನಡೆಸುವ ಅಂತರರಾಷ್ಟ್ರೀಯ ವಲಸೆ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಹೋಗುವವರು ಒಪ್ಪಂದದ ಪ್ರತಿಯಲ್ಲಿ ಹುದ್ದೆಯ ಹೆಸರನ್ನು ಓದಿ. ದಾದಿ ಎಂದಿರಬೇಕು. ಸಹಾಯಕಿ, ಆರೈಕೆಗಾರ್ತಿ ಎಂದಿದ್ದರೆ ಪಗಾರವೂ ಬೇರೆ, ಅಲ್ಲಿ ದುಡಿದ ವರ್ಷಗಳು ಮುಂದೆ ಅನುಭವವಾಗಿ ಎಣಿಕೆಗೂ ಬರುವುದಿಲ್ಲ.